ಬೆಳಗಾವಿಗೆ ಹೋದ ಬನ

ಖಾನಾಪುರದ ಆಚೆ, ಮಲಪ್ರಭೆಯ ದಂಡೆಯ ಮೇಲೆ ಬನದವ್ವನ ಬನವಿತ್ತು. ಮತ್ತಿ, ಹೊನ್ನೆ, ನೇರಳೆ ಒಂದರ ಹೆಗಲ ಮೇಲೊಂದು ಕೈಯಿಟ್ಟು ನಿಂತಿದ್ದವು. ದೇವಿಗೆ ಗುಡಿಯಿರಲಿಲ್ಲ, ಮರಗಳ ನಡುವೆ ಒಂದು ಕಲ್ಲು, ಕಲ್ಲಿಗೆ ಕುಂಕುಮ, ಅಷ್ಟೆ. ಅಲ್ಲಿಂದ ಒಣಗಿದ ಕಡ್ಡಿಯನ್ನೂ ಯಾರೂ ಮನೆಗೆ ಒಯ್ಯುತ್ತಿರಲಿಲ್ಲ.

ಮೊದಲ ಮಹಾಯುದ್ಧ ಮುಗಿದು ಏಳೆಂಟು ವರ್ಷವಾಗಿತ್ತು. ಬನದ ಪಕ್ಕದ ಊರಿನ ಸತ್ಯವ್ವನ ಒಬ್ಬಳೇ ಮಗಳು, ಪುಟ್ಟ ಪದ್ಮವ್ವ, ಜ್ವರದಿಂದ ಮಲಗಿದಳು. “ನನ್ನ ಕೂಸನ್ನ ಉಳಸವ್ವಾ, ನಿನ್ನ ತಲಿ ಮ್ಯಾಲ ಹೆಂಚು ಹೊದಸ್ತೀನಿ” ಎಂದು ತಾಯಿ ಹರಕೆ ಹೊತ್ತಳು. ಕೂಸು ಉಳಿಯಲಿಲ್ಲ. ಆದರೂ ಸತ್ಯವ್ವ ಹರಕೆ ಬಿಡಲಿಲ್ಲ. ದೇವರ ಸಂಗಡ ವ್ಯಾಪಾರ ಉಂಟೇ? ಆಡಿದ ಮಾತು ಆಡಿದ್ದೇ.

ಅದೂ ಅಲ್ಲದೆ, ಮಗಳು ಪೂರ್ತಿ ಹೋಗಿರಲಿಲ್ಲ. ಮಧ್ಯಾಹ್ನ ಸತ್ಯವ್ವ ಬನದಲ್ಲಿ ಕಣ್ಣು ಮುಚ್ಚಿ ಕೂತರೆ ಎಲೆಗಳೊಳಗೆ ಕಾಲ್ಗೆಜ್ಜೆ ಸುಳಿಯುತ್ತಿತ್ತು. ಕಣ್ಣು ತೆರೆದರೆ ಬಿಸಿಲಿನ ಚುಕ್ಕೆಗಳು ಅವಳ ಮಡಿಲು ಹತ್ತಿ ಇಳಿದು ಆಡುತ್ತಿದ್ದವು. ಅವಳು ಬದುಕಿದ್ದುದೇ ಆ ಗಳಿಗೆಗಾಗಿ.

ಹೆಂಚು ಸುಡಲು ಕುಂಬಾರ ತಮ್ಮಣ್ಣ ಒಪ್ಪಿದ. ದೇವಿಯ ಸೂರಿಗೆ ದೇವಿಯ ಸೌದೆಯೇ ಆಗಬೇಕೆಂದು ಊರ ಹಿರಿಯರು ಹೇಳಿದರು. ಕಲ್ಲಿಗೆ ಹೂವಿನ ಎಸಳು ಅಂಟಿಸಿ, “ಒಂದು ಮರ ಕೊಡ್ತೀಯೇನವ್ವಾ?” ಎಂದು ಕೇಳಿದರು. ಎಸಳು ಬಲಕ್ಕೆ ಬಿತ್ತು. ದೇವಿ ಕೊಟ್ಟಳು.

ಮರ ಉರುಳಿದ ಮೇಲೆ ತಮ್ಮಣ್ಣ ತಲೆ ಕೆರೆದುಕೊಂಡ.

“ಯಕ್ಕಾ, ಅರ್ಧ ಭಟ್ಟಿಗೆ ಉರಿ ಹಾಕಿದರ ಹೆಂಚು ಸೀಳ್ತಾವು. ಭಟ್ಟಿ ತುಂಬಬೇಕು.”

“ನಮ್ಮವ್ವ ಅಷ್ಟು ದೊಡ್ಡಾಕಿ ಅಲ್ಲೋ ತಮ್ಮಣ್ಣಾ.”

“ಉಳಿದದ್ದು ಬೆಳಗಾವಿಯವರು ಒಯ್ತಾರ. ಸಾಹೇಬರ ತಲಿ ಏನು ಸಣ್ಣದೈತೇನು?”

ನಿಂತವರು ನಕ್ಕರು. ಸತ್ಯವ್ವನೂ ನಕ್ಕಳು. ಹರಕೆ ತೀರಿದರೆ ಅವಳಿಗೆ ಸಾಕಿತ್ತು.

ತುಂಬಿದ ಭಟ್ಟಿಗೆ ಒಂದು ಮರ ಯಾವ ಮೂಲೆಗೆ? ಎರಡನೆಯದಕ್ಕೆ ಯಾರೂ ದೇವಿಯನ್ನು ಕೇಳಲಿಲ್ಲ. ಆಮೇಲಿನವಕ್ಕಂತೂ ಕೇಳುವ ನೆನಪೇ ಆಗಲಿಲ್ಲ. ಹೊಗೆ ಹೊಳೆಯ ಮೇಲೆ ಹಾಸಿಕೊಂಡು ಮಲಗಿತು. ಅದು ಎದ್ದು ಹೋದಾಗ ಕೆಂಪು ಸೂರಿನಡಿ ದೇವಿ ಒಬ್ಬಳೇ ಇದ್ದಳು, ಸುತ್ತಲೂ ಬೊಡ್ಡೆಗಳು.

ಸತ್ಯವ್ವ ಸೂರಿನಡಿ ಕಣ್ಣು ಮುಚ್ಚಿ ಕೂತಳು. ಗೆಜ್ಜೆ ಕೇಳಲಿಲ್ಲ. ಮರುದಿನವೂ ಇಲ್ಲ.

“ಬನ ಎಲ್ಲಿಗೆ ಹೋತೋ ತಮ್ಮಣ್ಣಾ?”

“ಹೆಂಚಾತು ಯಕ್ಕಾ. ಬೆಳಗಾವಿಗೆ ಹೋತು.”

ಅವಳು ಬೆಳಗಾವಿಗೆ ಹೊರಟಿದ್ದ ಅವನ ಕೊನೆಯ ಗಾಡಿ ಹತ್ತಿ ಹೆಂಚುಗಳ ನಡುವೆ ಕೂತಳು.

ಬೆಳಗಾವಿಯ ಕ್ಯಾಂಪಿನಲ್ಲಿ, ಸಾಹೇಬರ ದಂಡು ಇಳಿದ ಕಡೆ, ಬಂಗಲೆಗಳ ಸೂರುಗಳು ಸಾಲುಸಾಲಾಗಿ ಹೊಳೆಯುತ್ತಿದ್ದವು. ಸತ್ಯವ್ವ ಕತ್ತೆತ್ತಿದಳು. ಹೆಂಚುಗಳ ಮೇಲೆ ಎಲೆ ಅಲುಗಿದ ಹಾಗಾಯಿತು. ಒಂದು ಸೂರಿನಿಂದ ಇನ್ನೊಂದಕ್ಕೆ ಪುಟ್ಟ ಪಾದಗಳು ಓಡಿದ ಹಾಗಾಯಿತು.

“ಪದ್ಮವ್ವಾ, ಇಳಿಯವ್ವಾ, ಕಾಲು ಸುಡ್ತಾವು!”

ಬಂಗಲೆಯ ಕಾವಲುಗಾರ ಲಕ್ಷ್ಮಪ್ಪ ಕೋಲು ಹಿಡಿದು ಬಂದ.

“ಯಾರನ್ನ ಕರೀತೀಯವ್ವಾ?”

“ಮಗಳನ್ನ.”

“ಯಾರ ಮನಿಯಾಗ ಕೆಲಸಕ್ಕದಾಳ?”

“ಹೆಂಚಿನ ಮ್ಯಾಲ ಅದಾಳ.”

ಅವನು ಮೇಲೆ ನೋಡಿದ. ಬಿಸಿಲಲ್ಲದೆ ಏನೂ ಇರಲಿಲ್ಲ. ಅವಳ ಮುಖ ನೋಡಿ ಕೋಲು ಕೆಳಗಿಳಿಸಿದ.

“ಗ್ವಾಡಿ ಬಾಜೂಕ ಕುಂದರು. ಇನ್ನೊಂದು ತಾಸಿಗೆ ನೆರಳು ಈ ಕಡೆ ಬರ್ತೈತಿ.”

“ಖರೇ ಬರ್ತೈತೇನಪ್ಪಾ?”

“ದಿನಾ ಬರ್ತೈತಿ. ಬಂದು ಹೋಗ್ತೈತಿ.”

ಬನದ ನೆರಳಿಗೆ ಬಿಟ್ಟು ಹೋಗುವುದೇ ಗೊತ್ತಿರಲಿಲ್ಲ. ಸತ್ಯವ್ವ ಬಿಸಿಲಿಗೆ ಕಾದ ಗೋಡೆಗೆ ಬೆನ್ನು ಕೊಟ್ಟು, ಸೆರಗಿನಿಂದ ಪಕ್ಕದ ಒಂದಿಷ್ಟು ನೆಲ ಒರೆಸಿ, ಮಗುವೊಂದು ಕೂರುವಷ್ಟು ಜಾಗ ಬಿಟ್ಟು, ಕಾಯುತ್ತ ಕೂತಳು.