ಗೋಡೆಯ ಮೇಲಿನ ದಯವಿಟ್ಟಮ್ಮ

ಆ ಊರಿನಲ್ಲಿ ಅವಳಿಗೆ ಬೈಯದವರು ಕಡಿಮೆ. ಹಾಗಂತ ಅವಳು ಯಾರಿಗೂ ಕಡ್ಡಿಯಷ್ಟು ಕೆಟ್ಟದ್ದು ಮಾಡಿದವಳಲ್ಲ. ಮಾಡಿದ್ದೇನಿದ್ದರೂ ಮಾತಾಡಿದ್ದು ಅಷ್ಟೇ. ಬ್ಯಾಂಕಿಗೆ ಫೋನ್ ಮಾಡಿದವರನ್ನು 'ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಜೇನು ಸುರಿಸುತ್ತಾ ಗಂಟೆಗಟ್ಟಲೆ ಕಾಯಿಸುವವಳು ಅವಳು. ಲಿಫ್ಟಿನಲ್ಲಿ 'ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ' ಎನ್ನುವವಳು ಅವಳು. ಬಸ್ಸಿನಲ್ಲಿ 'ದಯವಿಟ್ಟು ಹಿಂದೆ ಸರಿಯಿರಿ' ಎನ್ನುವವಳೂ ಅವಳೇ. ರೆಕಾರ್ಡಿಂಗ್ ಸ್ಟುಡಿಯೋದವರು ಅವಳಿಗೆ 'ದಯವಿಟ್ಟಮ್ಮ' ಎಂದು ಹೆಸರಿಟ್ಟಿದ್ದರು. ಮದುವೆಯಾದ ಮೇಲೆ ಗಂಡನೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಊರೆಲ್ಲ ಕೇಳುವ ದನಿ ಅವಳದು, ಆದರೆ ಅದರಲ್ಲಿ ಅವಳದೇ ಅನ್ನುವ ಮಾತು ಒಂದೂ ಇರಲಿಲ್ಲ. ಯಾರೋ ಬರೆದುಕೊಡುತ್ತಿದ್ದರು, ಅವಳು ತುಟಿಯಂಚನ್ನು ಸ್ವಲ್ಪ ಮೇಲೆತ್ತಿ ಓದುತ್ತಿದ್ದಳು. ಹಾಗೆ ಓದಿದರೆ ನಗು ದನಿಯೊಳಕ್ಕೆ ಇಳಿಯುತ್ತದೆ, ಅದು ಆ ಕಸುಬಿನ ಗುಟ್ಟು.

ಇಂಥ ದಯವಿಟ್ಟಮ್ಮನಿಗೆ ಹೆಣ್ಣು ಮಗು ಹುಟ್ಟಿತು. ಮಗುವಿಗೆ ಹಸಿವಿತ್ತು, ತಾಯಿಯ ಎದೆಯಲ್ಲಿ ಹಾಲಿತ್ತು, ಆದರೆ ಎರಡಕ್ಕೂ ಯಾಕೋ ಹೊಂದಾಣಿಕೆಯೇ ಆಗಲಿಲ್ಲ. ಎದೆ ಕಲ್ಲಿನಂತೆ ಬಿಗಿದುಕೊಂಡು ನಿಂತರೆ ಮಗು ಬಾಯನ್ನು ಅರ್ಧ ಮಾತ್ರ ತೆರೆದು, ತೊಟ್ಟಿನ ತುದಿಯನ್ನಷ್ಟೇ ಕಚ್ಚಿ ಎಳೆಯುತ್ತಿತ್ತು. ತೊಟ್ಟು ಒಡೆದು ರಕ್ತ ಬಂತು. ಮಗು ಅತ್ತಾಗಲೆಲ್ಲ ಅವಳ ಕಾಲ್ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು. ಇನ್ನು ಬುದ್ಧಿಮಾತಿಗೇನು ಬರ! ನಿನಗೆ ತಾಳ್ಮೆಯಿಲ್ಲ ಎಂದಳು ಹೆತ್ತ ತಾಯಿ. ಕೂರುವ ಭಂಗಿ ಸರಿಯಿಲ್ಲ ಎಂದರು ಅತ್ತೆ, ಅದೂ ಫೋನಿನಲ್ಲಿ. ಹಾಲು ತೆಳ್ಳಗಿರಬೇಕು ಎಂದು ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟಳು. ಪಾಪದ ಗಂಡ ತೋಚಿದ್ದನ್ನು ಮಾಡಿದ, ದಿನಕ್ಕೊಂದು ಆಕಾರದ ದಿಂಬು ತಂದ. ಒಟ್ಟಿನಲ್ಲಿ ಹಾಲೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಆ ಮನೆಯಲ್ಲಿ ಧಾರಾಳವಾಗಿ ಹರಿಯಿತು.

ಮಕ್ಕಳ ಡಾಕ್ಟರು ಮಗುವನ್ನು ತಕ್ಕಡಿಯ ಮೇಲಿಟ್ಟು ಹುಬ್ಬು ಗಂಟಿಕ್ಕಿದರು. "ಹುಟ್ಟಿದಾಗಿನ ತೂಕಕ್ಕೇ ಇನ್ನೂ ಬಂದಿಲ್ಲ. ನಾಳೆನೇ ಹಳೇ ಹೆರಿಗೆ ಆಸ್ಪತ್ರೆಗೆ ಹೋಗಿ, ಹಾಲೂಡಿಸೋದಕ್ಕೆ ಸಹಾಯ ಮಾಡೋ ಕೋಣೆ ಇದೆ. ಅಲ್ಲಿನ ಸಿಸ್ಟರ್ ನೋಡಿ ಏನು ಹೇಳ್ತಾರೋ ಹಾಗೆ. ಆಗ್ಲಿಲ್ಲ ಅಂದ್ರೆ ಡಬ್ಬಿ ಹಾಲು ಶುರು ಮಾಡೋಣ. ಅದರಲ್ಲಿ ತಪ್ಪೇನೂ ಇಲ್ಲ" ಎಂದರು.

ತಪ್ಪೇನೂ ಇಲ್ಲವೆಂದು ಅವಳಿಗೂ ಗೊತ್ತಿತ್ತು. ಅವಳೇ ಡಬ್ಬಿ ಹಾಲು ಕುಡಿದು ಬೆಳೆದವಳು, ಗಂಟಲಿಗೇನೂ ಕೊರತೆಯಾಗಿರಲಿಲ್ಲ. ಆದರೂ ಅವಳಿಗೆ ಆಸೆಯಿತ್ತು. ತನ್ನ ಮಗು ತನ್ನ ಎದೆಗಾತುಕೊಂಡು ಹೊಟ್ಟೆ ತುಂಬ ಕುಡಿದು, ಕಣ್ಣು ಮುಚ್ಚಿ ಮಲಗುವುದನ್ನು ಒಂದು ಸಲವಾದರೂ ನೋಡಬೇಕೆಂಬ ಆಸೆ. ಆ ಕೋಣೆಯೇ ಕೊನೆಯ ದಾರಿ ಎಂದುಕೊಂಡು ಮರುದಿನ ಬೆಳಿಗ್ಗೆ ತಾಯಿಯನ್ನು ಕರೆದುಕೊಂಡು ಹೊರಟಳು.

ಕೋಣೆಗೆ ಅರ್ಧ ಗೋಡೆಯವರೆಗೆ ಹಸಿರು ಬಣ್ಣ ಬಳಿದಿತ್ತು. ಕೈಯಿರುವ ಪ್ಲಾಸ್ಟಿಕ್ ಕುರ್ಚಿಗಳು, ಒಂದು ತಕ್ಕಡಿ, ಒಂದು ಕೈತೊಳೆಯುವ ತೊಟ್ಟಿ, ಬಾಗಿಲಿಗೆ ಒಂದು ಪರದೆ. ಕುರ್ಚಿಗಳಲ್ಲಿ ನಾಲ್ಕಾರು ಹೆಂಗಸರು, ಅವರ ಮಡಿಲಲ್ಲಿ ಅಷ್ಟೇ ಮಕ್ಕಳು, ಅಷ್ಟೂ ಅಳು. ಅವಳು ಕೂತು, ಮಗುವನ್ನು ಸರಿಮಾಡಿಕೊಂಡು, ಉಸಿರು ಬಿಡುವಷ್ಟರಲ್ಲಿ ಗೋಡೆಯ ಮೇಲಿನ ಸ್ಪೀಕರ್ ಪೆಟ್ಟಿಗೆ ಬಾಯಿಬಿಟ್ಟಿತು.

"ಪ್ರಿಯ ತಾಯಂದಿರೇ, ದಯವಿಟ್ಟು ಗಾಬರಿಯಾಗಬೇಡಿ. ಹಾಲೂಡಿಸುವುದು ಪ್ರಕೃತಿಯೇ ಕಲಿಸುವ ವಿದ್ಯೆ. ಮಗುವನ್ನು ಎದೆಗೆ ಹಿಡಿದು ಮುಗುಳ್ನಗಿ, ಮಿಕ್ಕದ್ದನ್ನು ಮಗುವೇ ನೋಡಿಕೊಳ್ಳುತ್ತದೆ. ನೋವು ಎಂಬುದು ಬರೀ ನಿಮ್ಮ ಆತಂಕದ ಫಲ."

ಅದು ಅವಳದೇ ದನಿ. ಮದುವೆಗೂ ಮುಂಚೆ ಒಂದು ಮಧ್ಯಾಹ್ನ, ಊಟಕ್ಕೆ ಹೊತ್ತಾಯಿತೆಂದು ಒಂದೇ ಉಸಿರಿಗೆ ಓದಿ ಎದ್ದು ಹೋಗಿದ್ದ ಮಾತುಗಳವು. ಬರೆದುಕೊಟ್ಟ ಮಹಾಶಯ ಸಾಮಾನ್ಯವಾಗಿ ಟೈರುಗಳ ಜಾಹೀರಾತು ಬರೆಯುವವನು. ತಾಯಂದಿರ ವಿಷಯದಲ್ಲಿ ಇನ್ನೂ ಸ್ವಲ್ಪ ನಗು ಬೇಕು ಎಂದಿದ್ದ. ಅವಳು ಉದಾರವಾಗಿ ಕೊಟ್ಟಿದ್ದಳು.

"ಶುರು ಮಾಡಿದ್ಲಪ್ಪಾ ಮಹಾತಾಯಿ!" ಎಂದಳು ಎದುರು ಕುರ್ಚಿಯ ಹೆಂಗಸು. ದಪ್ಪ ದನಿ, ಅಗಲ ಭುಜ. ಮಾತಿನಲ್ಲೇ ಬಸ್ ಕಂಡಕ್ಟರ್ ಎಂದು ಗೊತ್ತಾಯಿತು. "ನನ್ನ ಬಸ್ಸಲ್ಲೂ ಇವಳದೇ ಕಾಟ. 'ದಯವಿಟ್ಟು ಹಿಂದೆ ಸರಿಯಿರಿ' ಅಂತಾಳೆ, ಒಬ್ಬನೂ ಸರಿಯಲ್ಲ, ಬೈಸ್ಕೊಳ್ಳೋದು ನಾನು. ಹೆರಿಗೆ ರಜೆ ಹಾಕಿ ಇಲ್ಲಿಗೆ ಬಂದ್ರೆ ಇಲ್ಲೂ ವಕ್ಕರಿಸಿದಾಳೆ! ಇವಳು ಯಾವತ್ತಾದ್ರೂ ಮಗು ಹೆತ್ತಿದಾಳಾ ಅಂತ ಕೇಳಿ."

"ಕೈಗೆ ಸಿಕ್ರೆ ನಾನೇ ಕೇಳ್ತೀನಿ" ಎಂದಳು ಮೂಲೆಯಲ್ಲಿದ್ದ ಇನ್ನೊಬ್ಬಳು. ಕೋಣೆಯೆಲ್ಲ ನಕ್ಕಿತು.

ಕೈಗೆ ಸಿಕ್ಕವಳು ಟವಲನ್ನು ಗಲ್ಲದವರೆಗೆ ಎಳೆದುಕೊಂಡು, ತಾಯಿಯ ತೊಡೆ ಚಿವುಟಿ, ಬಾಯಿಗೆ ಬೀಗ ಹಾಕಿಕೊಂಡಳು. ಒಂದು ಮಾತಾಡಿದರೂ ಸಾಕು, ಗುಟ್ಟು ರಟ್ಟಾಗುತ್ತಿತ್ತು. ತಾಯಿಗೆ ಇದು ಭಾರಿ ಸಂಕಟದ ವಿಷಯ. ಬಸ್ಸಿನಲ್ಲಿ ಆ ದನಿ ಬಂದಾಗಲೆಲ್ಲ ಪಕ್ಕದವರ ಭುಜ ತಟ್ಟಿ 'ನಮ್ಮ ಹುಡುಗಿ' ಎಂದು ಹೇಳಿಕೊಂಡು ಬಂದವಳು ಅವಳು. ಆದರೆ ಮಗಳ ಉಗುರು ಹರಿತವಾಗಿತ್ತು.

ಅವಳ ಸರದಿ ಬಂತು. ನರ್ಸು ಸ್ಟೂಲೆಳೆದುಕೊಂಡು ಎದುರಿಗೆ ಕೂತಳು.

"ಹೇಳಿ ಅಮ್ಮಾ, ಏನು ತೊಂದರೆ?"

ಅವಳು ಗಂಟಲು ಮುಟ್ಟಿ ತಲೆಯಾಡಿಸಿದಳು.

"ಗಂಟಲು ಕಟ್ಟಿದೆ ಸಿಸ್ಟರ್, ಒಂದಕ್ಷರ ಹೊರಡಲ್ಲ" ಎಂದಳು ತಾಯಿ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಮಗು ಸರಿಯಾಗಿ ಹಿಡಿಯುತ್ತಾ?"

"ಓಹೋ, ಚೆನ್ನಾಗಿ ಹಿಡಿಯುತ್ತೆ."

"ನೋವು ಗೀವು?"

"ಛೆ ಛೆ, ನಮ್ಮ ಮನೆ ಹೆಣ್ಣುಮಕ್ಕಳಿಗೆ ಅದೆಲ್ಲ ಇಲ್ಲ. ಹಾಲಿಗೂ ಏನೂ ಬರ ಇಲ್ಲ."

ಹೊರಗಿನವರ ಮುಂದೆ ಮನೆಯ ಮಾನ ಬಿಟ್ಟುಕೊಟ್ಟು ತಾಯಿಗೆ ಅಭ್ಯಾಸವಿರಲಿಲ್ಲ. ಮಗಳು ಕಣ್ಣು ಕೆಕ್ಕರಿಸಿದಳು, ಜೋರಾಗಿ ತಲೆಯಾಡಿಸಿದಳು. ಮಗಳಿಗೆ ಸುಸ್ತು ಎಂದು ತಾಯಿ ಅದಕ್ಕೂ ಅರ್ಥ ಹೇಳಿದಳು. ಎಲ್ಲಿ ನೋಡೋಣ ಎಂದು ನರ್ಸು ಟವಲಿಗೆ ಕೈ ಹಾಕಿದಾಗ ಅವಳು ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಮುಟ್ಟಿದರೆ ಕೂಗದೆ ಇರಲು ಅವಳಿಂದ ಸಾಧ್ಯವಿರಲಿಲ್ಲ, ಕೂಗಿದರೆ ಆ ಕೂಗು ಯಾರದೆಂದು ಕಂಡಕ್ಟರ್‌ಗೆ ತಿಳಿಯದೆ ಇರುತ್ತಿರಲಿಲ್ಲ. ಊರಿಗೆಲ್ಲ ಕೇಳುವಂತೆ ಮಾತಾಡಿ ಬದುಕಿದವಳು, ತನ್ನ ಮಗುವಿನ ಹೊಟ್ಟೆಯ ಪ್ರಶ್ನೆ ಬಂದಾಗ ಮೂಗಿಯಾಗಿ ಕೂತಿದ್ದಳು.

ನರ್ಸು ಮಗುವಿನ ತೂಕ ನೋಡಿದಳು. ನಿನ್ನೆಯಷ್ಟೇ ಇತ್ತು.

"ಹಿಡಿಯೋದು ಸರಿ ಇದೆ, ನೋವಿಲ್ಲ, ಹಾಲೂ ಇದೆ, ಆದ್ರೂ ತೂಕ ಏರ್ತಿಲ್ಲ ಅಂದ್ರೆ ಡಬ್ಬಿ ಹಾಲು ಶುರು ಮಾಡ್ಬಿಡೋಣ. ಮಗು ಸೊರಗೋದು ಬೇಡ" ಎಂದು ಮಗುವನ್ನು ವಾಪಸು ಮಡಿಲಿಗಿಟ್ಟು, ಮುಂದಿನವಳ ಕಡೆಗೆ ಸ್ಟೂಲು ಎಳೆದುಕೊಂಡಳು.

ಕೊನೆಯ ದಾರಿ ಅಷ್ಟು ಸುಲಭವಾಗಿ ಮುಚ್ಚಿಹೋಯಿತು. ಅವಳ ಕಣ್ಣು ತುಂಬಿತು. ಹಸಿದ ಮಗು ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು. ಮನೆಯಲ್ಲಾದರೆ 'ಏನೇ ಬಂಗಾರಿ, ಏನೇ ರಂಪ' ಎಂದು ಮಾತಾಡಿಸುತ್ತಿದ್ದಳು. ಇಲ್ಲಿ ಬೆನ್ನು ತಟ್ಟುತ್ತಿದ್ದಳು, ಅಷ್ಟೇ.

ಅಷ್ಟರಲ್ಲಿ ಪೆಟ್ಟಿಗೆ ಮತ್ತೆ ಬಾಯಿಬಿಟ್ಟಿತು. "ಪ್ರಿಯ ತಾಯಂದಿರೇ, ದಯವಿಟ್ಟು ಗಾಬರಿಯಾಗಬೇಡಿ..."

ಮಗುವಿನ ಅಳು ಟಕ್ಕನೆ ನಿಂತಿತು. ಅದು ಕಣ್ಣರಳಿಸಿತು. ಹೊಟ್ಟೆಯೊಳಗಿದ್ದಾಗಿನಿಂದ ಕೇಳಿದ ದನಿ, ಅಮ್ಮ ಸಿಕ್ಕಳು ಎಂದುಕೊಂಡಿತೋ ಏನೋ, ಕತ್ತನ್ನು ನಿಧಾನವಾಗಿ ಹೊರಳಿಸಿ, ಗೋಡೆಯ ಕಡೆಗೆ ಮುಖ ಮಾಡಿ, ಬಾಯನ್ನು ಅಗಲವಾಗಿ ತೆರೆದು ಹುಡುಕತೊಡಗಿತು. ಹದಿನೈದು ದಿನದಿಂದ ಅವಳ ಎದೆಗೆ ಒಮ್ಮೆಯೂ ಅಷ್ಟು ಅಗಲಕ್ಕೆ ತೆರೆಯದ ಬಾಯಿ ಅದು.

"ಅಯ್ಯೋ ನೋಡ್ರೀ, ಮಗು ಪೆಟ್ಟಿಗೆ ಹತ್ರ ಹಾಲು ಕೇಳ್ತಿದೆ!" ಎಂದಳು ಕಂಡಕ್ಟರ್.

ಎಲ್ಲರೂ ನಕ್ಕರು. ದಯವಿಟ್ಟಮ್ಮನಿಗೆ ಸವತಿಯ ಮೇಲೆ ಬರುವಂಥ ಹೊಟ್ಟೆಕಿಚ್ಚು, ಅದೂ ತನ್ನ ಮೇಲೆ ತನಗೇ. ಅವಳ ಮಗು ಅವಳನ್ನು ಬಿಟ್ಟು ಗೋಡೆಯ ಮೇಲಿನ ಅವಳ ಕಡೆಗೇ ತಿರುಗಿತ್ತು. ಮಾನ, ಮರ್ಯಾದೆ, ಕಂಡಕ್ಟರ್ ಎಲ್ಲವೂ ಆ ಕ್ಷಣಕ್ಕೆ ಮರೆತುಹೋದವು.

"ಅಲ್ಲಿಲ್ಲ ಕಂದಾ. ಇಲ್ಲಿದೀನಿ, ಇಲ್ಲಿ ನೋಡು."

ಹೆಂಗಸರು ಒಮ್ಮೆ ಪೆಟ್ಟಿಗೆಯನ್ನು ನೋಡಿದರು, ಒಮ್ಮೆ ಅವಳನ್ನು ನೋಡಿದರು. ಇಷ್ಟು ಹೊತ್ತು ಕಟ್ಟಿಟ್ಟಿದ್ದ ತಾಯಿಯ ಹೆಮ್ಮೆ ಒಡ್ಡು ಒಡೆದು ಹೊರಬಂತು, ಅದೂ ಬರಬಾರದ ಹೊತ್ತಿನಲ್ಲಿ. "ನಮ್ಮ ಹುಡುಗೀನೇ! ಬಸ್ಸಲ್ಲೂ ಇವಳೇ, ಬ್ಯಾಂಕಲ್ಲೂ ಇವಳೇ!"

ಕಂಡಕ್ಟರ್ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. "ನೀವೇನಾ? ನೋವು ಬರೀ ಆತಂಕ ಅಂತ ಯಾವ ಬಾಯಲ್ಲಿ ಹೇಳಿದ್ರಿ ತಾಯೀ?"

"ಬರೆದುಕೊಟ್ಟಿದ್ದನ್ನ ಓದಿದೆ. ಗೊತ್ತಿರಲಿಲ್ಲ" ಎಂದಳು ಅವಳು. ಆಮೇಲೆ ನರ್ಸಿನ ತೋಳು ಹಿಡಿದು, "ಸಿಸ್ಟರ್, ಅಮ್ಮ ಹೇಳಿದ್ದೆಲ್ಲಾ ಸುಳ್ಳು. ಪ್ರಾಣ ಹೋಗೋಷ್ಟು ನೋಯುತ್ತೆ. ಒಡೆದು ರಕ್ತ ಬರ್ತಿದೆ. ಎದೆ ಕಲ್ಲಾಗಿದೆ, ಮಗು ತುದಿ ಮಾತ್ರ ಕಚ್ಚುತ್ತೆ. ದಯವಿಟ್ಟು ನೋಡಿ" ಎಂದಳು. ಜೀವಮಾನದಲ್ಲಿ ಮೊದಲ ಸಲ ಆ 'ದಯವಿಟ್ಟು' ಅವಳದೇ ಆಗಿತ್ತು.

ನರ್ಸು ಟವಲು ಸರಿಸಿ ನೋಡಿ, "ಶಿವನೇ! ಇಷ್ಟೆಲ್ಲ ಇಟ್ಕೊಂಡು ಮೂಗಿ ಥರ ಕೂತಿದ್ರಾ?" ಎಂದು ಗದರಿದಳು. ಗದರುತ್ತಲೇ ಕೈತೊಳೆದು ಬಂದು ಕೆಲಸ ಶುರು ಮಾಡಿದಳು. ಮೊದಲು ಬೆರಳಿನಿಂದ ಮೆಲ್ಲಗೆ ಒತ್ತಿ, ಒಂದಿಷ್ಟು ಹಾಲು ಬಟ್ಟಲಿಗೆ ಹಿಂಡುವುದನ್ನು ತೋರಿಸಿದಳು. ಬಿಗಿದ ಎದೆ ಮೆತ್ತಗಾಯಿತು. ಆಮೇಲೆ ಮಗುವಿನ ಹೊಟ್ಟೆ ಅವಳ ಹೊಟ್ಟೆಗೆ ತಾಗುವಂತೆ, ಮೂಗು ತೊಟ್ಟಿನ ನೇರಕ್ಕೆ ಬರುವಂತೆ ಮಲಗಿಸಿದಳು.

"ನೀವು ಬಗ್ಗಬೇಡಿ, ಮಗುವನ್ನೇ ಹತ್ರ ತನ್ನಿ. ಆದ್ರೆ ಆತುರ ಬೇಡ. ಬಾಯಿ ಆಗ ತೆರೆದ ಹಾಗೆ ದೊಡ್ಡದಾಗಿ ತೆರೀಬೇಕು. ಮಾತಾಡಿಸಿ."

"ಬಾರೇ ಬಂಗಾರಿ" ಎಂದಳು ಅವಳು.

ಮಗು ಮುಖವೆತ್ತಿತು. ಬಾಯಿ ತೆರೆಯಿತು, ಇನ್ನೂ ತೆರೆಯಿತು. ನರ್ಸು ಮಗುವನ್ನು ಸರಕ್ಕನೆ ಹತ್ತಿರಕ್ಕೆ ತಂದಳು. ಗಲ್ಲ ಎದೆಗೆ ಒತ್ತಿಕೊಂಡಿತು, ಕೆಳತುಟಿ ಹೊರಕ್ಕೆ ಮಡಚಿಕೊಂಡಿತು, ತುದಿಯಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಯಿತು. ಅವಳು ಹಲ್ಲು ಕಚ್ಚಿ ಕಾದಳು. ಮೊದಲು ಚುರುಕ್ಕೆಂದಿತು, ಆಮೇಲೆ ನೋವು ನಿಧಾನವಾಗಿ ಇಳಿಯಿತು. ಮಗು ಗುಟುಕ್, ಗುಟುಕ್ ಎಂದು ನುಂಗುವ ಸದ್ದು ಕೇಳಿಸಿತು.

"ಪ್ರಿಯ ತಾಯಂದಿರೇ..." ಎಂದಿತು ಪೆಟ್ಟಿಗೆ.

ಮಗು ಎದೆ ಬಿಟ್ಟು ಗೋಡೆಯ ಕಡೆಗೆ ತಿರುಗಿತು.

ಕಂಡಕ್ಟರ್ ತನ್ನ ಮಗುವನ್ನು ಪಕ್ಕದವಳ ಮಡಿಲಿಗೆ ಹಾಕಿ, ಸ್ಟೂಲು ಹತ್ತಿ, ಟಿಕೆಟ್ ಇಲ್ಲದವನನ್ನು ಕೆಳಗಿಳಿಸುವ ಗತ್ತಿನಲ್ಲಿ ವೈರು ಕಿತ್ತು ಹಾಕಿದಳು. ಆಸ್ಪತ್ರೆಯ ಆಸ್ತಿ ಎಂದು ನರ್ಸು ಒಂದು ಮಾತು ಹೇಳಬಹುದಿತ್ತು, ಆದರೆ ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಮತ್ತೆ ಹಿಡಿಸಿ. ಮಾತಾಡ್ತಾನೇ ಇರಿ" ಎಂದಳು ನರ್ಸು.

ಆದರೆ ಏನು ಮಾತಾಡುವುದು? ಇಷ್ಟು ಜನರ ಮುಂದೆ, ಬರೆದುಕೊಟ್ಟ ಹಾಳೆಯಿಲ್ಲದೆ, ಅವಳಿಗೆ ಏನೂ ತೋಚಲಿಲ್ಲ. ತೋಚಿದ್ದನ್ನೇ ಹೇಳಿದಳು. "ನೋಯುತ್ತೆ ಕಂದಾ. ತುಂಬಾ ನೋಯ್ತು. ನಿನ್ನೆ ನೀನು ಅಳೋದು ಕೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡೆ. ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೇ ಬಂತು. ನಿನ್ನದೇನೂ ತಪ್ಪಿಲ್ಲ ಕಣೇ, ನನ್ನದೂ ಇಲ್ಲ..."

ಮಗು ಬಾಯಿ ತುಂಬ ಹಿಡಿದು ಕುಡಿಯತೊಡಗಿತು. ಕೋಣೆಯಲ್ಲಿ ಯಾರೂ ನಗಲಿಲ್ಲ. ಕಂಡಕ್ಟರ್ ಸ್ಟೂಲಿನಿಂದ ಇಳಿದು ಅವಳ ಪಕ್ಕಕ್ಕೆ ಬಂದು ಕುಕ್ಕರಿಸಿ ಕೂತಳು. ಆ ದಪ್ಪ ದನಿ ಈಗ ಕಿವಿಗೊಟ್ಟರೆ ಮಾತ್ರ ಕೇಳುವಷ್ಟಿತ್ತು.

"ಒಂದು ಉಪಕಾರ ಮಾಡ್ತೀರಾ? ನಮ್ಮತ್ತೆ ಹೊರಗೆ ಬೆಂಚಿನ ಮೇಲೆ ಕೂತಿದಾರೆ. ನಾನು ನೋವು ಅಂದಾಗಲೆಲ್ಲ, ಆಸ್ಪತ್ರೆಯವರೇ ಹೇಳಿದಾರಲ್ಲ, ಅದು ಬರೀ ಆತಂಕ ಅಂತಾರೆ. ನಾನು ಹೇಳಿದ್ರೆ ನಂಬಲ್ಲ. ಈಗ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಹೇಳಿ. ಅವರಿಗೆ ಕೇಳೋ ಹಾಗೆ."

ಕಂಡಕ್ಟರ್ ಕೈಚಾಚಿ ಬಾಗಿಲ ಪರದೆ ಸರಿಸಿದಳು. ದಯವಿಟ್ಟಮ್ಮ ಮಗು ಅಲುಗದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಎದೆ ತುಂಬ ಉಸಿರೆಳೆದುಕೊಂಡಳು.

"ನೋಯುತ್ತದೆ" ಎಂದಳು, ಬಸ್ಸು, ಬ್ಯಾಂಕು, ಲಿಫ್ಟುಗಳಿಗೆಲ್ಲ ಗೊತ್ತಿದ್ದ ದನಿಯಲ್ಲಿ, ಒಂದೊಂದು ಅಕ್ಷರವೂ ಬಿಡಿಸಿ. "ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದೆ. ಅದು ಆತಂಕವಲ್ಲ. ನೋವು."

ಹೊರಗೆ ಬೆಂಚಿನ ಮೇಲಿನ ಮಾತುಕತೆ ನಿಂತಿತು. ಕಂಡಕ್ಟರ್ ಟವಲಿನಲ್ಲಿ ಮುಖ ಹುದುಗಿಸಿ ಅತ್ತಳು. ಮಗು ಯಾವ ಕಡೆಗೂ ತಿರುಗದೆ ಕುಡಿಯುತ್ತಲೇ ಇತ್ತು.