ವಕೀಲರು ಹೇಳದ ಮಾತು

೧೯೫೮ರ ಸುಗ್ಗಿಯಲ್ಲಿ ಜಡೆ ಊರಿನ ತೋಟಪ್ಪನ ಎಡಗಣ್ಣು ಹೋಯಿತು. ಮುಸ್ಸಂಜೆ ಕಣದಿಂದ ಬರುವಾಗ ಯಾರೋ ಬೀಸಿದ ಕಲ್ಲು. ಕಾಲುವೆ ನೀರಿಗೆ ಜಗಳ ತೆಗೆದಿದ್ದ ಗುತ್ಯಪ್ಪನದೇ ಕೆಲಸವೆಂದು ತೋಟಪ್ಪನ ಅಕ್ಕ ಹೂವಮ್ಮನಿಗೆ ಖಾತ್ರಿ. ಪೊಲೀಸರೂ ಅವನನ್ನೇ ಹಿಡಿದರು.

ಸೊರಬದ ಕೋರ್ಟಿನಲ್ಲಿ ಏನು ಕೇಳಿದರೂ ಗುತ್ಯಪ್ಪನದು ಒಂದೇ ಉತ್ತರ: "ನಾ ಏನೂ ಹೇಳದಿಲ್ಲ ಸ್ವಾಮಿ." ಹಾಗೆಂದಾಗಲೆಲ್ಲ ತನ್ನ ವಕೀಲರಾದ ಶಿಕಾರಿಪುರದ ಪಂಚಾಕ್ಷರಪ್ಪನವರ ಮುಖ ನೋಡುತ್ತಿದ್ದ. ಕಲ್ಲು ಬೀಸಿದ್ದನ್ನು ಕಂಡವರು ಯಾರೂ ಇರಲಿಲ್ಲ. ಬಾಯಿ ಬಿಡದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತಲ್ಲ ಎಂದು ಮ್ಯಾಜಿಸ್ಟ್ರೇಟರು ಅವನನ್ನು ಬಿಟ್ಟರು.

ಹೂವಮ್ಮ ಬಸ್ಸಿನ ಬಳಿ ವಕೀಲರನ್ನು ಅಡ್ಡಗಟ್ಟಿದಳು.

"ಮರದಡಿ ಕೂರಿಸ್ಕಂಡು ಪಿಸಪಿಸ ಮಾತಾಡಿದ್ರಲ್ರೀ, ಏನಂದ ಅವ್ನು?"

"ಪ್ರಾಣ ಹೋದ್ರೂ ಹೇಳಂಗಿಲ್ಲಮ್ಮ."

"ನಿಮ್ಮ ಮನೆ ಹಾಳಾಗ!" ಅವಳು ಹಿಡಿ ಮಣ್ಣು ತೂರಿದಳು. ಕರಿ ಕೋಟಿನ ಧೂಳು ಕೊಡವದೆ ಅವರು ಬಸ್ಸು ಹತ್ತಿದರು.

ನಾಟಿಯ ಹೊತ್ತಿಗೆ ತೋಟಪ್ಪನೇ ದೊಣ್ಣೆಯಿಂದ ಗುತ್ಯಪ್ಪನ ಕೈ ಮುರಿದು ಲಾಕಪ್ಪು ಸೇರಿದ. ಹೂವಮ್ಮನಿಗೆ ಗೊತ್ತಿದ್ದ ಗಟ್ಟಿ ವಕೀಲರು ಒಬ್ಬರೇ. ಹಲ್ಲು ಕಚ್ಚಿಕೊಂಡು ಶಿಕಾರಿಪುರಕ್ಕೆ ಹೋದಳು. ಪಂಚಾಕ್ಷರಪ್ಪನವರು ಹೊಸಿಲಲ್ಲೇ ಕೈ ಅಡ್ಡ ಹಿಡಿದರು.

"ನಡೆದದ್ದು ಏನೂ ನನಗೆ ಹೇಳಬ್ಯಾಡ್ರಿ. ಗುತ್ಯಪ್ಪ ನನ್ನ ನಂಬಿ ಮಾತಾಡಿದವನು. ಅವನ ಎದುರು ನಾ ನಿಲ್ಲಂಗಿಲ್ಲ."

"ಮಣ್ಣು ತೂರಿದ್ದಕ್ಕೆ ಸೇಡಾ?"

"ಹಂಗೇ ತಿಳ್ಕೊಳ್ರಿ. ಸುಬ್ಬಪ್ಪ ವಕೀಲರ ಹತ್ರ ಹೋಗ್ರಿ. ಅವರು ಬರೋತನಕ ನಿಮ್ಮ ತಮ್ಮ ತುಟಿ ಬಿಚ್ಚಬಾರ್ದು." ಬಾಗಿಲು ಹಾಕಿಕೊಂಡಿತು. ಅವಳು ಮುಚ್ಚಿದ ಬಾಗಿಲಿಗೇ ಶಾಪ ಹಾಕಿದಳು.

ಸುಬ್ಬಪ್ಪನವರು ಸೊರಬದ ಠಾಣೆಗೆ ಬಂದರು. ತೋಟಪ್ಪ ಬಾಯಿ ತೆರೆಯುವಷ್ಟರಲ್ಲಿ ಪೇದೆಯೊಬ್ಬ ಕಂಬಿಯ ಹತ್ತಿರ ಸರಿದ. ಹೂವಮ್ಮ ಹರಿಹಾಯ್ದಳು: "ದೂರ ಹೋಗ್ರೀ! ವಕೀಲ್ರ ಹತ್ರ ಅವ್ನಾಡೋ ಮಾತು ನಿಮಗ್ಯಾಕೆ?"

ಪೇದೆ ಗೊಣಗುತ್ತ ಜಗಲಿಗೆ ಹೋದ. "ನೀವೂ ಹೊರಗಿರಮ್ಮ," ಎಂದರು ಸುಬ್ಬಪ್ಪ. ಅವಳ ಮುಖ ಕಪ್ಪಿಟ್ಟಿತು. ಒಡಹುಟ್ಟಿದವಳಿಗೇ ಈ ಮಾತೆ? ಆದರೂ ಎದ್ದು ಹೋದಳು.

ಕೋರ್ಟಿನಲ್ಲಿ ತೋಟಪ್ಪನೂ ಏನೂ ಹೇಳಲಿಲ್ಲ. ಆದರೆ ಹೊಡೆದದ್ದನ್ನು ಗದ್ದೆಯಲ್ಲಿದ್ದ ಇಬ್ಬರು ಹೆಂಗಸರು ಕಣ್ಣಾರೆ ಕಂಡಿದ್ದರು. ಒಂದು ವರ್ಷ ಸಜೆಯಾಯಿತು.

ಹೊರಗೆ ಗುತ್ಯಪ್ಪನ ಹೆಂಡತಿ ಗುಡ್ಡಮ್ಮ ಇವಳನ್ನು ಕಂಡು ಕ್ಯಾಕರಿಸಿ ಉಗಿದಳು. ಹೂವಮ್ಮ ಅಳಲಿಲ್ಲ, ತಿರುಗಿಯೂ ನೋಡಲಿಲ್ಲ. ತಮ್ಮನ ಗದ್ದೆ ಕೊಯ್ಲಿಗೆ ಬಂದಿತ್ತು. ಮರುದಿನ ಬೆಳಗ್ಗೆ ಕುಡುಗೋಲು ಹಿಡಿದು, ಗುತ್ಯಪ್ಪನ ಮನೆಯ ಮುಂದಿನ ದಾರಿಯಲ್ಲೇ, ಒಬ್ಬಳೇ ನಡೆದಳು.