ಕಾರ್ಬನ್ನಿನ ಜೋಡಿ ಗುಳಿ

ಉಪನ್ಯಾಸಕ್ಕೆ ಇನ್ನು ಅರ್ಧ ಗಂಟೆ ಇತ್ತು. ಮುದ್ದೇಬಿಹಾಳದ ಕಾಲೇಜಿನ ಸಭಾಂಗಣದ ಪಕ್ಕದ ಕೋಣೆಯಲ್ಲಿ ನಿಷತ ತನ್ನ ಹಳೆಯ ಗುರು ಭುವನೇಶ್ವರಿಯವರಿಗೆ ಲ್ಯಾಪ್‌ಟಾಪಿನಲ್ಲಿ ಬೆಳಕಿನ ರೋಹಿತದ ಚಿತ್ರ ತೋರಿಸುತ್ತಿದ್ದಳು. ತಾವು ಭೌತಶಾಸ್ತ್ರ ಕಲಿಸಿದ ಇಂಡಿ ಊರಿನ ಹುಡುಗಿ, ಬಹುದೂರದ ಗೆಲಾಕ್ಸಿಗಳ ನಡುವೆ ಹೊಳೆಯುವ ಕ್ವೇಸಾರುಗಳ ಬೆಳಕನ್ನು ಓದುತ್ತಾಳೆಂದು ಕೇಳಿ ಅವರು ಸಿಂದಗಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರು.

“ಈ ದಿಬ್ಬ ಕಾರ್ಬನ್ನಿಂದು ನೋಡ್ರಿ ಮೇಡಂ. ಕಪ್ಪುಕುಳಿ ಸುತ್ತ ಅನಿಲದ ಮೋಡ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಓಡತಾವು. ಅದಕ್ಕ ಗೆರಿ ಇಷ್ಟು ಅಗಲ. ಹೊಂಟಾಗ ಅತಿನೇರಳೆ ಬೆಳಕು. ವಿಶ್ವ ಹಿಗ್ಗಿ ಹಿಗ್ಗಿ, ನಮ್ಮ ಹತ್ರ ಬರೂದ್ರಾಗ ಕಣ್ಣಿಗೆ ಕಾಣೂ ಬೆಳಕಾಗೇತಿ.”

ಭೂಮಿ ಹುಟ್ಟುವ ಮೊದಲೇ ಹೊರಟ ಬೆಳಕು. ಭುವನೇಶ್ವರಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಕ್ವೇಸಾರಿಗೂ ನಮಗೂ ನಡುವ ಒಂದೂ ಅನಿಲದ ಮೋಡ ಅಡ್ಡ ಇಲ್ರಿ, ದಾರಿ ನಿಚ್ಚಳ. ಅದನ್ನ ನಾ ಇವತ್ತು ಹೇಳೂದು.”

“ಗೆರಿ ಭಾಳ ನುಣುಪ ಐತಲ್ಲವ್ವ?”

“ಎಡಕ್ಕ ಎರಡು ಸಣ್ಣ ಗುಳಿ ಇದ್ದುವ್ರಿ. ಯಂತ್ರದ ತಪ್ಪಂತ ಒರಸಿದೆ. ಮಂದಿ ಮುಂದ ಚಂದ ಕಾಣಬೇಕಲ್ರಿ.”

ಬೀಗರು ಬರುವ ಮುನ್ನ ಅಂಗಳ ಸಾರಿಸಿದಂತೆ. ಭುವನೇಶ್ವರಿ ಎದ್ದು ಬಾಗಿಲು ಮುಚ್ಚಿ ಬಂದು, ಮೆಲ್ಲಗೆ ಕೇಳಿದರು. “ಮೋಡದಾಗಿನ ಕಾರ್ಬನ್ ಬೆಳಕು ನುಂಗಿದ್ರ ಜೋಡಿ ಗುಳಿನ ಬೀಳ್ತಾವು. ನಡುವಿನ ಅಂತರ ಅಳದೀಯೇನು?”

ನಿಷತ ಮೂಲ ಚಿತ್ರ ತೆಗೆದು ಅಳೆದಳು. ಅಂತರ ಕಾರ್ಬನ್ನಿನ ಜೋಡಿಗೆ ಇರಬೇಕಾದಷ್ಟೇ ಇತ್ತು. ದಾರಿಯಲ್ಲಿ ಮೋಡವಿತ್ತು, ಅವಳೇ ಅದನ್ನು ಒರೆಸಿದ್ದಳು.

ಅಷ್ಟರಲ್ಲಿ ಕಾರ್ಯಕ್ರಮದ ಹೊಣೆ ಹೊತ್ತ ತೌಸಿಫ ಸರ್ ಬಾಗಿಲು ತೆರೆದರು. ಅವಳ ಮುಖ ಕಂಡು, “ನಮ್ಮ ಪ್ರೊಜೆಕ್ಟರ್ ಇನ್ನೂ ಚಾ ಕುಡದಿಲ್ಲ. ಸಾವಕಾಶ ಬರ್ರಿ,” ಎಂದು ಹಾಗೇ ಮುಚ್ಚಿದರು. ಪ್ರೊಜೆಕ್ಟರಿನ ಬೆಳಕು ಆಗಲೇ ಸಭಾಂಗಣದ ಗೋಡೆಯ ಮೇಲಿತ್ತು.

“ಮೇಡಂ, ಇವತ್ತೊಂದಿನ ಒರಸಿದ್ದನ್ನ ತೋರಿಸಿ ಬಿಡ್ಲೇನ್ರಿ? ನನ್ನ ಗೈಡ್ ಬಸಂತರಾಯ ಸರ್ ಮುಂದಿನ ಸಾಲಿನಾಗ ಕುಂತಾರ.”

“ಮೋಡ ಕಂಡಾಕಿ ನೀ. ನೀನ ಹೇಳು,” ಎಂದು ಭುವನೇಶ್ವರಿ ನೀರಿನ ಬಾಟಲಿ ಅವಳ ಕಡೆ ಸರಿಸಿದರು.

ನಿಷತ ವೇದಿಕೆಯಲ್ಲಿ ಎರಡೂ ಚಿತ್ರ ಹಾಕಿದಳು. “ಇದು ನಾ ಒರಸಿದ್ದು. ಇದು ಖರೇದು. ನಾ ಯಂತ್ರದ ತಪ್ಪು ಅಂದದ್ದು ಮೋಡ ಐತ್ರಿ. ದಾರಿ ನಿಚ್ಚಳ ಐತಿ ಅಂತ ಹೇಳಾಕ ಬಂದದ್ದು ತಪ್ಪು.”

ಎಂಥ ಧೈರ್ಯ ಈ ಕೂಸಿಗೆ ಎಂದುಕೊಂಡರು ಭುವನೇಶ್ವರಿ.

ಬಸಂತರಾಯರು ಎದ್ದು ನಿಂತರು. “ಉಳದ ಕ್ವೇಸಾರ್ ಚಿತ್ರಾನೂ ಹಿಂಗ ಒರಸೀಯೇನು?”

“ಹೌದ್ರಿ ಸರ್.”

“ಹಂಗಾರ ಅವುಗಳ ಮೂಲಾನೂ ತಗಿ. ಇನ್ನೆಷ್ಟು ಮೋಡ ಮುಚ್ಚಿಟ್ಟೀ, ಎಲ್ಲಾರೂ ಕೂಡಿ ನೋಡೂಣು.”

ಸಭೆ ನಕ್ಕಿತು. ನಿಷತಳೂ ನಕ್ಕು, ಮುಂದಿನ ಚಿತ್ರ ತೆರೆದಳು.